ಗುಬ್ಬಿಯಿಂದ ರಣಹದ್ದಿನವರೆಗೆ: ಡಾ. ಸಲೀಂ ಅಲಿ

ರಾಜ್ಯ ಗೆದ್ದವರಿಗೂ ಗ್ರಂಥ ರಚಿಸಿದವರಿಗೂ ಚರಿತ್ರೆಯ ಪುಟಗಳಲ್ಲಿ ಸುಲಭವಾಗಿ ಸ್ಥಾನ ದೊರೆಯುತ್ತದೆ. ಹಕ್ಕಿಗಳನ್ನು ನೋಡುತ್ತ ಬಾಳಿದವರಿಗೆ ಅದು ದೊರೆಯುವುದು ಅಪರೂಪ. ಕಣ್ಣಿಗೆ ಬಿದ್ದುದನ್ನು ತಾಳ್ಮೆಯಿಂದ ನೋಡಿ, ಕಂಡಷ್ಟನ್ನೇ ಬರೆದಿಡುವುದು ಒಂದು ದೊಡ್ಡ ವಿದ್ಯೆಯೆಂದು ನಾವು ಎಣಿಸುವುದಿಲ್ಲ. ಆ ಒಂದು ವಿದ್ಯೆಯಿಂದಲೇ ಲೋಕವಿಖ್ಯಾತರಾದ ಡಾ. ಸಲೀಂ ಅಲಿಯವರ ಜೀವನವನ್ನು ನನ್ನ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಗುಬ್ಬಿ ತಾಲ್ಲೂಕಿನವನು. ರಾಗಿಯ ಕೊಯ್ಲು ಮುಗಿದ ಮೇಲೆ ನಮ್ಮ ಹೊಲಗಳ ಮೇಲೆ ಆಡುವ ಬೇಟೆಹಕ್ಕಿಗಳನ್ನು ನೋಡುವುದು, ಸಾಧ್ಯವಾದಾಗ ಚಿತ್ರ ತೆಗೆಯುವುದು ಕೆಲವು ವರ್ಷಗಳಿಂದ ನನಗೆ ಹಿಡಿದ ಹುಚ್ಚು. ತಂತಿಯ ಮೇಲೆ ಕುಳಿತು, ಮತ್ತೆ ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುವ ಬೂದುಬಿಳಿ ಬಣ್ಣದ ರಾಮದಾಸ ಹದ್ದು, ಚಳಿಗಾಲಕ್ಕೆ ದೂರದ ಉತ್ತರದಿಂದ ಬಂದು ಹೊಲಕ್ಕೆ ತಾಗುವಷ್ಟು ತಗ್ಗಿನಲ್ಲಿ ತೇಲಿಹೋಗುವ ಸೆಳೆವ, ಕುಣಿಗಲಿನ ದೊಡ್ಡಕೆರೆಯ ಮೇಲೆ ಸುತ್ತುವ ಗರುಡ, ಇವುಗಳನ್ನು ಒಂದರಿಂದೊಂದು ಬೇರೆಮಾಡಿ ಗುರುತಿಸುವುದು ಹೇಗೆಂದು ಹುಡುಕುತ್ತಿದ್ದಾಗಲೇ ಸಲೀಂ ಅಲಿಯವರ ಪುಸ್ತಕ ನನ್ನ ಕೈಸೇರಿತು. ಪುಸ್ತಕದಿಂದ ಅದನ್ನು ಬರೆದವರ ಬಾಳಿನ ಕಡೆಗೆ ಕುತೂಹಲ ತಿರುಗಿತು.

ಸಲೀಂ ಅಲಿಯವರು 1896ನೆಯ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಒಂದು ವರ್ಷ ತುಂಬುವ ವೇಳೆಗೆ ತಂದೆಯನ್ನೂ ಮೂರು ವರ್ಷದ ವೇಳೆಗೆ ತಾಯಿಯನ್ನೂ ಕಳೆದುಕೊಂಡ ಈ ಕೂಸನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ತಮ್ಮ ಮನೆಯಲ್ಲಿಟ್ಟು ಸಾಕಿದರು. ಮಾವನವರಿಗೆ ಬೇಟೆಯ ಅಭಿರುಚಿ ಇದ್ದಿತು. ಹುಡುಗನಿಗೂ ಒಂದು ಏರ್‌ಗನ್ ದೊರೆಯಿತು. ಸುಮಾರು ಹತ್ತು ವರ್ಷದವರಿದ್ದಾಗ ಒಂದು ದಿನ ಹೊಡೆದು ಕೆಡವಿದ ಗುಬ್ಬಿಯ ಗಂಟಲಿನಲ್ಲಿ ಹಳದಿಯ ಮಚ್ಚೆ ಕಾಣಿಸಿತು. ಇದು ಯಾವ ಗುಬ್ಬಿ? ಮಾವನವರಿಗೆ ತಿಳಿಯಲಿಲ್ಲ. ಅವರು ಒಂದು ಪತ್ರ ಬರೆದುಕೊಟ್ಟು ಹುಡುಗನನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಗೌರವ ಕಾರ್ಯದರ್ಶಿಗಳಾಗಿದ್ದ ಮಿಲಾರ್ಡ್ ಎಂಬ ಆಂಗ್ಲರು ಅಂಜುತ್ತ ಬಂದ ಹುಡುಗನನ್ನು ಆದರದಿಂದ ಕೂರಿಸಿ, ಹಕ್ಕಿಯ ಹೆಸರು ಹೇಳಿ, ಸಂಗ್ರಹದ ಪೆಟ್ಟಿಗೆಗಳನ್ನು ತೆರೆದು ತೋರಿಸಿದರು. ಆ ಬಾಗಿಲಿನಿಂದ ಒಳಹೊಕ್ಕ ಸಲೀಂ ಅಲಿಯವರು ಬಾಳಿನುದ್ದಕ್ಕೂ ಆ ಸಂಸ್ಥೆಯ ನಂಟನ್ನು ಬಿಡಲಿಲ್ಲ.

ಓದಿನಲ್ಲಿ ಅವರು ಮುಂದಿದ್ದವರಲ್ಲ. 1913ರಲ್ಲಿ ಮೆಟ್ರಿಕ್ಯುಲೇಷನ್ ದಾಟಿದ್ದೇ ಕಷ್ಟದಿಂದ. ಕಾಲೇಜನ್ನು ನಡುವೆ ಬಿಟ್ಟು ಬರ್ಮಾದ ತವೋಯ್‌ಗೆ ಹೋಗಿ ಮನೆತನದ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಂಡರು. ವ್ಯಾಪಾರಕ್ಕಿಂತ ಅಲ್ಲಿನ ಕಾಡೇ ಹೆಚ್ಚು ಸೆಳೆಯಿತು. 1917ರಲ್ಲಿ ಹಿಂದಿರುಗಿ ವಾಣಿಜ್ಯದ ತರಗತಿಗಳ ಜೊತೆಗೆ ಪ್ರಾಣಿಶಾಸ್ತ್ರವನ್ನೂ ಕಲಿತರು. ಮರುವರ್ಷ ತೆಹ್ಮಿನಾ ಅವರೊಡನೆ ವಿವಾಹವಾಯಿತು. ಭಾರತದ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಗೆ ಪ್ರಯತ್ನಿಸಿದಾಗ ಉನ್ನತ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಣೆ ಹೇಳುವ ಉಪನ್ಯಾಸಕರ ಕೆಲಸ ದೊರೆಯಿತು. ಎರಡು ವರ್ಷದ ತರುವಾಯ ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಸ್ಟ್ರೆಸೆಮಾನ್ ಎಂಬ ಮಹಾವಿದ್ವಾಂಸರ ಬಳಿ ಪಕ್ಷಿಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದರು. 1930ರಲ್ಲಿ ಉತ್ಸಾಹದಿಂದ ಹಿಂದಿರುಗಿ ನೋಡುತ್ತಾರೆ, ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿದೆ!

ಇಂಥ ಸ್ಥಿತಿಯಲ್ಲಿ ಅನೇಕರು ಕೈಚೆಲ್ಲಿ ಕೂರುತ್ತಿದ್ದರು. ಸಲೀಂ ಅಲಿ ದಂಪತಿಗಳು ಕೊಂಕಣದ ಕರಾವಳಿಯ ಕಿಹಿಮ್ ಎಂಬ ಹಳ್ಳಿಯ ಮನೆಯಲ್ಲಿ ನೆಲೆಸಿದರು. ಮನೆಯ ಹತ್ತಿರದ ಮರವೊಂದರಲ್ಲಿ ಗೀಜುಗಗಳು ಗೂಡು ನೇಯುತ್ತಿದ್ದವು. ಅವರು ಏಣಿ ನಿಲ್ಲಿಸಿ, ಬಟ್ಟೆಯ ಮರೆ ಕಟ್ಟಿಕೊಂಡು ದಿನಗಟ್ಟಲೆ ಅವನ್ನೇ ನೋಡಿದರು. ಗಂಡುಹಕ್ಕಿ ಗೂಡನ್ನು ಅರ್ಧ ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಅದನ್ನು ಪೂರ್ತಿಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಇನ್ನೊಂದು ಗೂಡಿಗೆ ತೊಡಗಿ ಇನ್ನೊಬ್ಬಳನ್ನು ಕರೆಯುತ್ತದೆ. ಶತಮಾನಗಳಿಂದ ಎಲ್ಲರ ಕಣ್ಣೆದುರಿಗೇ ನಡೆಯುತ್ತಿದ್ದ ಈ ಸಂಸಾರದ ಗುಟ್ಟನ್ನು ಆವರೆಗೆ ಯಾರೂ ಸರಿಯಾಗಿ ಕಂಡು ಬರೆದಿರಲಿಲ್ಲ. ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಆ ಬರಹ ಅವರಿಗೆ ವಿದ್ವಾಂಸರ ನಡುವೆ ಹೆಸರು ತಂದಿತು. ಉದ್ಯೋಗವಿಲ್ಲದ ಕಾಲದಲ್ಲಿ, ಮನೆಯ ಬಾಗಿಲಲ್ಲೇ, ಅತಿ ಸಾಮಾನ್ಯವಾದ ಹಕ್ಕಿಯಿಂದ ಬಂದ ಕೀರ್ತಿ ಅದು.

ಮುಂದೆ ಅವರು ದೇಶೀಯ ಸಂಸ್ಥಾನಗಳ ಪಕ್ಷಿಸಮೀಕ್ಷೆಗೆ ಕೈಹಾಕಿದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿಗಳ ಕಾಡುಮೇಡುಗಳನ್ನು ತಿರುಗಿದರು. ಖರ್ಚಿಗೆ ಹಣ ದೊರೆತರೆ ಸಾಕು, ಸಂಬಳ ಬೇಡವೆಂಬುದೇ ಅವರ ಕರಾರು. ಈ ಅಲೆದಾಟಗಳಲ್ಲಿ ಬಿಡಾರವನ್ನು ಅಚ್ಚುಕಟ್ಟಾಗಿ ನಡೆಸುತ್ತಿದ್ದವರು ತೆಹ್ಮಿನಾ. 1939ರಲ್ಲಿ ಆಕೆ ತೀರಿಕೊಂಡರು. ಆ ದುಃಖ ಇನ್ನೂ ಹಸಿಯಾಗಿದ್ದಾಗಲೇ, 1939–40ರಲ್ಲಿ, ಅವರು ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ನಡೆಸಿದರು. ಅದರ ಫಲವಾದ ಮೈಸೂರಿನ ಹಕ್ಕಿಗಳ ವಿವರ 1942ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡಿತು. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಕಂಡು, ಆ ಜಾಗವನ್ನು ಕಾಪಾಡಬೇಕೆಂದು ಅರಮನೆಗೆ ತಿಳಿಸಿದವರೂ ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮುಂದೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ವಲಸೆ ಹಕ್ಕಿಗಳು ಉತ್ತರದಿಂದ ಅದರ ವೈರಸ್ಸನ್ನು ತಂದಿರಬಹುದೆಂಬ ಸಂಶಯ ಹುಟ್ಟಿತು. ಅದನ್ನು ಪರಿಶೀಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವನ್ನು ಸೊಸೈಟಿ ಇವರ ನೇತೃತ್ವದಲ್ಲೇ ಕೈಗೊಂಡಿತು.

1941ರಲ್ಲಿ ಪ್ರಕಟವಾದ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಸಾಮಾನ್ಯ ಜನರಿಗೆ ಪಕ್ಷಿಶಾಸ್ತ್ರದ ಬಾಗಿಲು ತೆರೆಯಿತು. ಅದರಲ್ಲಿ ನನ್ನನ್ನು ಬಹುವಾಗಿ ಆಕರ್ಷಿಸಿದ್ದು ಗಾತ್ರವನ್ನು ಹೇಳುವ ರೀತಿ. ಹಕ್ಕಿಯ ಅಳತೆಯನ್ನು ಎಲ್ಲರಿಗೂ ಪರಿಚಿತವಾದ ಹಕ್ಕಿಗಳಿಗೆ ಹೋಲಿಸಿ ಹೇಳಿದ್ದಾರೆ: ಗುಬ್ಬಿಯಷ್ಟು, ಪಿಕಳಾರದಷ್ಟು, ಗೊರವಂಕದಷ್ಟು, ಕಾಗೆಯಷ್ಟು, ಹದ್ದಿನಷ್ಟು, ರಣಹದ್ದಿನಷ್ಟು. ಬೆದರಿ ಹಾರಿಹೋಗುವ ಹಕ್ಕಿಯ ಮುಂದೆ ಅಳತೆಗೋಲು ಹಿಡಿಯಲಾದೀತೆ? ಕಣ್ಣಿನಲ್ಲಿ ಈಗಾಗಲೇ ಇರುವ ಅಳತೆಯನ್ನೇ ಅವರು ಬಳಸಿಕೊಂಡರು. ಒಂದು ತುದಿಯಲ್ಲಿ ಮನೆಯ ಸೂರಿನ ಗುಬ್ಬಿ, ಇನ್ನೊಂದು ತುದಿಯಲ್ಲಿ ಊರಾಚೆಯ ರಣಹದ್ದು. ಇವೆರಡನ್ನು ಅರಿಯದ ಭಾರತೀಯನಿಲ್ಲವೆಂಬುದು ಆ ಕಾಲದ ಮಟ್ಟಿಗೆ ಸರಿಯಾದ ಎಣಿಕೆಯೇ ಆಗಿತ್ತು.

ಅಮೆರಿಕದ ಡಿಲನ್ ರಿಪ್ಲಿಯವರೊಡನೆ ರಚಿಸಿದ, ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಹತ್ತು ಸಂಪುಟಗಳ ಮಹಾಗ್ರಂಥ 1968ರಿಂದ 1974ರವರೆಗೆ ಹೊರಬಂದಿತು. ಹದ್ದು, ಗಿಡುಗಗಳ ವಿವರ ಅದರ ಮೊದಲನೆಯ ಸಂಪುಟದಲ್ಲೇ ಇದೆ. ಶಾಸ್ತ್ರಕ್ಕಾಗಿ ಹಕ್ಕಿಯನ್ನು ಹೊಡೆದು ಚರ್ಮ ಸಂಗ್ರಹಿಸುವುದು ಅಗತ್ಯವೆಂದೇ ಅವರು ತಿಳಿದಿದ್ದರು; ಆ ಕಾಲಕ್ಕೆ ಬೇರೆ ದಾರಿಯೂ ಇರಲಿಲ್ಲ. ಆದರೆ ಕ್ಯಾಮೆರಾದ ಯುಗ ಅವರ ಜೊತೆಯಲ್ಲೇ ಬೆಳೆಯಿತು. ಯುದ್ಧಕಾಲದಲ್ಲಿ ಸಿಂಗಪುರವನ್ನು ಬಿಟ್ಟು ಭಾರತಕ್ಕೆ ಬಂದ ಲೋಕ್ ವಾನ್ ಥೋ ಎಂಬ ಶ್ರೀಮಂತರು ಇವರ ಗೆಳೆಯರಾಗಿ, ಇವರೊಡನೆ ಪ್ರವಾಸ ಮಾಡಿ, ಹಕ್ಕಿಗಳ ಛಾಯಾಚಿತ್ರಗಳಿಗೆ ಪ್ರಖ್ಯಾತರಾದರು. ನಮ್ಮ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್‌ರಂಥವರು ಮುಂದೆ ಈ ಕಲೆಯನ್ನು ಎತ್ತರಕ್ಕೆ ಒಯ್ದರು.

ಗೌರವಗಳು ತಾವಾಗಿಯೇ ಬಂದವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಗೆ ನಾಮಕರಣ. ಪದವಿಯಿಲ್ಲವೆಂದು ಹುದ್ದೆ ತಪ್ಪಿದವರಿಗೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ನೀಡಿದವು. ವನ್ಯಜೀವಿ ರಕ್ಷಣೆಗಾಗಿ ದೊರೆತ ಅಂತರರಾಷ್ಟ್ರೀಯ ಗೆಟ್ಟಿ ಪ್ರಶಸ್ತಿಯ ಹಣವನ್ನು ಅವರು ಸೊಸೈಟಿಯ ಕಾರ್ಯಕ್ಕೆ ಕೊಟ್ಟರು. 1987ನೆಯ ಜೂನ್ 20ರಂದು ಮುಂಬಯಿಯಲ್ಲಿ ಕಾಲವಾದರು.

ಅವರು ತೀರಿಕೊಂಡ ಹತ್ತೇ ವರ್ಷಗಳೊಳಗೆ ಅವರ ಅಳತೆಗೋಲಿನ ಒಂದು ತುದಿ ಮುರಿಯಿತು. ದೇಶದ ರಣಹದ್ದುಗಳು ಸಾವಿರಗಟ್ಟಲೆ ಸಾಯತೊಡಗಿದವು. ಇದನ್ನು ಮೊದಲು ಖಚಿತವಾಗಿ ತೋರಿಸಿದವರು ಅವರದೇ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್. ಭರತಪುರದಲ್ಲಿ 1980ರ ದಶಕದಲ್ಲಿ ಎಣಿಸಿಟ್ಟಿದ್ದ ಗೂಡುಗಳ ಲೆಕ್ಕವನ್ನು 1990ರ ದಶಕದ ಲೆಕ್ಕದೊಡನೆ ಹೋಲಿಸಿದಾಗ ಅನಾಹುತ ಬಯಲಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತದೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಅಳಿದಿದ್ದವು. ನಮ್ಮ ಕುಣಿಗಲಿನಿಂದ ಮಾಗಡಿಯ ಮೇಲೆ ಹೋದರೆ ಸಿಗುವ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಅಲ್ಲಿ ಉಳಿದಿದ್ದುದು ಬೆರಳೆಣಿಕೆಯಷ್ಟು. ನಮ್ಮ ತಾತ ಊರಾಚೆ ಗುಂಪುಗುಂಪಾಗಿ ನೋಡಿದ ಹಕ್ಕಿಯನ್ನು ನಮ್ಮ ತಾಲ್ಲೂಕಿನಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ರಣಹದ್ದಿನಷ್ಟು ಎಂದು ಪುಸ್ತಕದಲ್ಲಿ ಓದಿದರೆ, ಅದು ಎಷ್ಟೆಂದು ನನ್ನ ಕಣ್ಣಿಗೆ ತಿಳಿಯದು.

ಭರತಪುರದ ಹಳೆಯ ಲೆಕ್ಕ ಇಲ್ಲದೆ ಹೋಗಿದ್ದರೆ ರಣಹದ್ದುಗಳು ಕಡಿಮೆಯಾದುದು ಬರಿಯ ಮಾತಾಗಿ ಉಳಿಯುತ್ತಿತ್ತು. ಅಪರೂಪವಾದುದನ್ನು ಎಲ್ಲರೂ ಬರೆದಿಡುತ್ತಾರೆ. ಸಾಮಾನ್ಯವಾದುದನ್ನು ಬರೆದಿಡಲು ಸಲೀಂ ಅಲಿಯವರಂಥ ಕಣ್ಣು ಬೇಕು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಸುಮಾರು 30,000 ಮಂದಿ ವೀಕ್ಷಕರು ತಮ್ಮ ತಮ್ಮ ಊರುಗಳಲ್ಲಿ ಬರೆದಿಟ್ಟ ಪಟ್ಟಿಗಳ ಮೇಲೆ ನಿಂತಿದೆ.

ಇದಕ್ಕೆ ದೊಡ್ಡ ಉಪಕರಣಗಳು ಬೇಕಿಲ್ಲ. ತುಮಕೂರಿನ ಅಮಾನಿಕೆರೆಯ ಏರಿಯ ಮೇಲೆ ಸೂರ್ಯನಿಗೆ ಬೆನ್ನುಮಾಡಿ ನಿಂತರೆ ಸಾಧಾರಣ ಕ್ಯಾಮೆರಾದಲ್ಲೂ ಹಾರುವ ಹದ್ದಿನ ಬಾಲ ಮೂಡುತ್ತದೆ. ಕವಲೊಡೆದಿದ್ದರೆ ಹದ್ದು, ದುಂಡಾಗಿದ್ದರೆ ಗರುಡ. ಮರಿಗರುಡ ಕಂದುಬಣ್ಣದಿಂದ ಮೋಸಮಾಡಿದರೂ ಬಾಲ ಮೋಸಮಾಡದು. ಚಿತ್ರದ ಜೊತೆಗೆ ದಿನ, ಹೊತ್ತು, ಸ್ಥಳ, ಸಂಖ್ಯೆ ಬರೆದರೆ ಅದು ದಾಖಲೆಯಾಗುತ್ತದೆ. ಒಂದೇ ನಿಯಮ: ಗೂಡಿನ ಬಳಿ ಹೋಗಬಾರದು. ತಾಯಿ ಬೆದರಿ ಹಾರಿದರೆ ಮೊಟ್ಟೆಮರಿಗಳು ಬಿಸಿಲಿಗೂ ಕಾಗೆಗೂ ತುತ್ತಾಗುತ್ತವೆ. ಅಂಥ ಚಿತ್ರ ಎಷ್ಟು ಚೆನ್ನಾಗಿದ್ದರೇನು?

ಮಿತ್ರರೇ, ನಮ್ಮದು ಕಲಾ ಕಾಲೇಜು. ವಿಜ್ಞಾನ ನಮ್ಮ ಪಾಲಿನದಲ್ಲವೆಂದು ನಮ್ಮಲ್ಲಿ ಕೆಲವರು ಭಾವಿಸುತ್ತಾರೆ. ಹುದ್ದೆ ಕಳೆದುಕೊಂಡು ಮನೆಯ ಮುಂದಿನ ಮರವನ್ನು ನೋಡುತ್ತ ಕುಳಿತ ಸಲೀಂ ಅಲಿಯವರ ಬಾಳು ಆ ಸಂಕೋಚಕ್ಕೆ ಉತ್ತರ. ಹದ್ದು, ಗರುಡ, ಸೆಳೆವಗಳು ಇಂದಿಗೂ ನಮ್ಮ ಕಣ್ಣಳತೆಯಲ್ಲಿವೆ. ಅವು ಸಾಮಾನ್ಯವಾಗಿರುವಾಗಲೇ ಅವನ್ನು ಎಣಿಸಿ ಬರೆದಿಡೋಣ.