ಇಗ್ನಾಜ್ ಸೆಮೆಲ್‌ವೈಸ್

ಇಗ್ನಾಜ್ ಫಿಲಿಪ್ ಸೆಮೆಲ್‌ವೈಸ್ (ಜುಲೈ ೧, ೧೮೧೮ – ಆಗಸ್ಟ್ ೧೩, ೧೮೬೫) ಹಂಗೇರಿಯ ಪ್ರಸೂತಿ ವೈದ್ಯರು. ವೈದ್ಯರು ಕೈಗಳನ್ನು ನಂಜುನಿರೋಧಕ ದ್ರಾವಣದಲ್ಲಿ ತೊಳೆದುಕೊಂಡರೆ ಮಾರಕವಾದ ಬಾಣಂತಿ ಜ್ವರವನ್ನು ತಡೆಯಬಹುದೆಂದು ಇವರು ತೋರಿಸಿಕೊಟ್ಟರು.

ವೃತ್ತಿ ಮತ್ತು ಶೋಧನೆ

ಬುಡಾ ನಗರದಲ್ಲಿ ಜನಿಸಿದ ಸೆಮೆಲ್‌ವೈಸ್ ೧೮೪೬ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾದರು. ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ಈ ವಿಭಾಗದಲ್ಲಿ ಸುಮಾರು ಶೇ. ೧೦ರಷ್ಟು ತಾಯಂದಿರು ಸಾಯುತ್ತಿದ್ದರು. ಸೂಲಗಿತ್ತಿಯರು ಕಲಿಯುತ್ತಿದ್ದ ಎರಡನೆಯ ವಿಭಾಗದಲ್ಲಿ ಈ ಪ್ರಮಾಣ ಶೇ. ೪ಕ್ಕಿಂತ ಕಡಿಮೆಯಿತ್ತು. ೧೮೪೭ರಲ್ಲಿ ಸಹೋದ್ಯೋಗಿ ಯಾಕೋಬ್ ಕೊಲೆಚ್ಕಾ ಶವಪರೀಕ್ಷೆಯ ವೇಳೆ ಆದ ಗಾಯ ನಂಜೇರಿ ತೀರಿಕೊಂಡರು. ಅವರ ದೇಹದಲ್ಲಿ ಕಂಡ ಬದಲಾವಣೆಗಳು ಬಾಣಂತಿ ಜ್ವರದಲ್ಲಿ ಕಾಣುವಂಥವೇ ಆಗಿದ್ದವು. ಶವಪರೀಕ್ಷೆ ಮುಗಿಸಿ ಹೆರಿಗೆ ಕೋಣೆಗೆ ಬರುವವರ ಕೈಗಳೇ ರೋಗವನ್ನು ಒಯ್ಯುತ್ತಿವೆಯೆಂದು ಸೆಮೆಲ್‌ವೈಸ್ ತೀರ್ಮಾನಿಸಿ, ಮೇ ತಿಂಗಳಲ್ಲಿ ಕ್ಲೋರಿನ್‌ಯುಕ್ತ ಸುಣ್ಣದ ದ್ರಾವಣದಿಂದ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ಶೇ. ೧೮ನ್ನು ಮೀರಿದ್ದ ಮರಣ ಪ್ರಮಾಣ ಜೂನ್‌ನಲ್ಲಿ ಸುಮಾರು ಶೇ. ೨ಕ್ಕೆ ಇಳಿಯಿತು.

ವಿರೋಧ ಮತ್ತು ಮರಣ

ರೋಗಾಣು ಸಿದ್ಧಾಂತ ಇನ್ನೂ ರೂಪುಗೊಂಡಿರದ ಆ ಕಾಲದಲ್ಲಿ, ತಮ್ಮ ಕೈಗಳೇ ಸಾವಿಗೆ ಕಾರಣವೆಂಬುದನ್ನು ಅನೇಕ ವೈದ್ಯರು ಒಪ್ಪಲಿಲ್ಲ. ೧೮೪೯ರಲ್ಲಿ ಸೆಮೆಲ್‌ವೈಸ್‌ರ ಹುದ್ದೆಯ ಅವಧಿಯನ್ನು ವಿಸ್ತರಿಸಲಿಲ್ಲ. ಪೆಸ್ಟ್ ನಗರದ ಸೇಂಟ್ ರೋಕಸ್ ಆಸ್ಪತ್ರೆಯಲ್ಲಿಯೂ ಇದೇ ಕ್ರಮವನ್ನು ಜಾರಿಗೆ ತಂದ ಅವರು, ೧೮೬೧ರಲ್ಲಿ ತಮ್ಮ ಶೋಧನೆಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ೧೮೬೫ರಲ್ಲಿ ವಿಯೆನ್ನಾ ಸಮೀಪದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲ್ಪಟ್ಟು, ಎರಡು ವಾರಗಳಲ್ಲಿ ಗಾಯದ ನಂಜಿನಿಂದಲೇ ನಿಧನರಾದರು.

ಪರಂಪರೆ

೧೮೬೭ರಲ್ಲಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ಬಾಲಿಕ್ ಆಮ್ಲದ ಬಳಕೆಯನ್ನು ಪ್ರಕಟಿಸಿದ ಬಳಿಕ ನಂಜುನಿರೋಧಕ ಕ್ರಮಗಳು ಕ್ರಮೇಣ ಮನ್ನಣೆ ಪಡೆದವು. ಸಿಸೇರಿಯನ್ ಹೆರಿಗೆಗೆ ಮುನ್ನ ತಾಯಿಯ ಚರ್ಮವನ್ನು ನಂಜುನಿರೋಧಕದಿಂದ ಶುಚಿಗೊಳಿಸುವ ಇಂದಿನ ಪದ್ಧತಿಯ ಉದ್ದೇಶವೂ ಸೋಂಕನ್ನು ಮೊದಲೇ ತಡೆಯುವುದಾಗಿದೆ. ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೆಮೆಲ್‌ವೈಸ್‌ರ ಹೆಸರಿಡಲಾಗಿದೆ.