ಕೊಳಗವೂ ಮತಪೆಟ್ಟಿಗೆಯೂ

ಮಣಿಪಾಲವನ್ನು ದಾಟಿ ಹೆಬ್ರಿ, ಸೋಮೇಶ್ವರಗಳ ಮಾರ್ಗವಾಗಿ ಆಗುಂಬೆಯ ಘಟ್ಟವನ್ನೇರಿದರೆ ತೀರ್ಥಹಳ್ಳಿಯ ಸೀಮೆ ದೊರೆಯುತ್ತದೆ. ಆ ಸೀಮೆಯ ಆರಗದ ಬಳಿ, ಶಾಂತವೇರಿಯೆಂಬ ಪುಟ್ಟ ಊರಿನಲ್ಲಿ 1923ರಲ್ಲಿ ಜನಿಸಿದ ಗೋಪಾಲಗೌಡರ ಹೆಸರನ್ನು ಕಾಪುವಿನ ನಮ್ಮ ಅಜ್ಜ ಒಮ್ಮೆಯೂ ಎತ್ತಿದವರಲ್ಲ. ಅಜ್ಜ ಚಾಲಗೇಣಿಯ ಒಕ್ಕಲು. ಮುಡಿ, ಕಳಸೆ, ಸೇರುಗಳ ಲೆಕ್ಕದಲ್ಲಿ ಧಣಿಗಳಿಗೆ ಗೇಣಿ ಅಳೆದವರು. ಆ ಗದ್ದೆ ಅವರದೇ ಆದ ಕಥೆಗೆ ಘಟ್ಟದ ಮೇಲಿನ ಒಂದು ಕೊಳಗದ ಕಥೆಯೂ ಸೇರಿದೆಯೆಂದು ನನಗೆ ತಿಳಿದದ್ದು, ಉಡುಪಿಯಲ್ಲಿ ಬಾಳಿ 2022ರಲ್ಲಿ ತೀರಿಕೊಂಡ ಜಿ. ರಾಜಶೇಖರ ಅವರು ಕಾಗೋಡು ಸತ್ಯಾಗ್ರಹವನ್ನು ಕುರಿತು ಬರೆದ ಪುಸ್ತಕವನ್ನು ಓದಿದ ಮೇಲೆ.

ಗೋಪಾಲಗೌಡರ ಬಾಲ್ಯ ಬಡತನದಲ್ಲಿ ಕಳೆಯಿತು. 1942ರ ಚಳವಳಿಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಅವರು ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯ ಬಂದ ಬಳಿಕ ಅಧಿಕಾರದ ಹಾದಿ ಹಿಡಿದವರ ಜೊತೆ ಹೋಗದೆ ಸಮಾಜವಾದಿ ಪಕ್ಷದ ಕೆಲಸಕ್ಕೆ ನಿಂತರು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಬಹುಮಟ್ಟಿಗೆ ದೀವರು. ಅವರ ಗೇಣಿಯ ಬತ್ತವನ್ನು ಅಳೆಯುತ್ತಿದ್ದ ಕೊಳಗ ಇರಬೇಕಾದುದಕ್ಕಿಂತ ದೊಡ್ಡದು. ಕೊಳಗ ಒಂದಿಷ್ಟು ಹಿಗ್ಗಿದರೆ ಒಕ್ಕಲಿನ ಮನೆಯಲ್ಲಿ ಎಷ್ಟು ದಿನದ ಗಂಜಿ ಕುಗ್ಗುತ್ತದೆಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಒಕ್ಕಲುಗಳನ್ನು ಮೊದಲು ಸಂಘಟಿಸಿದವರು ಎಚ್. ಗಣಪತಿಯಪ್ಪನವರು, ಗೋಪಾಲಗೌಡರಲ್ಲ. ಗೌಡರ ಜೀವನವನ್ನು ಬರೆಯುವವರು ಎಲ್ಲ ಕೀರ್ತಿಯನ್ನೂ ಅವರೊಬ್ಬರಿಗೇ ಸಲ್ಲಿಸುವುದುಂಟು. ಅದು ಗಣಪತಿಯಪ್ಪನವರಿಗೂ, ಹೆಸರಿಲ್ಲದ ನೂರಾರು ಒಕ್ಕಲುಗಳಿಗೂ ಎಸಗುವ ಅನ್ಯಾಯ. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಮೊದಲಾಯಿತು. ತಮ್ಮನ್ನು ಹೊರಗಟ್ಟಿದ ಗದ್ದೆಗಳಿಗೆ ಒಕ್ಕಲುಗಳು ತಂಡ ತಂಡವಾಗಿ ಇಳಿಯುವರು, ಪೊಲೀಸರು ಹಿಡಿದೊಯ್ಯುವರು, ಮರುದಿನ ಮತ್ತೊಂದು ತಂಡ. ಗೌಡರೂ ಅವರ ಪಕ್ಷವೂ ಈ ಹೋರಾಟವನ್ನು ತಮ್ಮದಾಗಿಸಿಕೊಂಡು ಸೀಮೆಯಾಚೆಗೆ ಕೊಂಡೊಯ್ದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧನಕ್ಕೊಳಗಾದಾಗ, ಮಲೆನಾಡಿನ ಮೂಲೆಯ ಹಳ್ಳಿಯೊಂದರ ಹೆಸರು ದೇಶದ ಕಿವಿಗೆ ಬಿತ್ತು.

ಆದರೂ ಭೂಮಿ ಒಡನೆಯೇ ಒಕ್ಕಲುಗಳ ಕೈಗೆ ಬರಲಿಲ್ಲ. ಗೌಡರ ಮುಂದೆ ನಿಂತ ಪ್ರಶ್ನೆ ಇದು. ಗದ್ದೆಗಿಳಿದವನು ಸೆರೆಮನೆಗೆ ಹೋಗಬಲ್ಲ. ಆದರೆ ಗೇಣಿಯ ಕಾನೂನು ಬರೆಯುವುದು ಬೆಂಗಳೂರಿನಲ್ಲಿ. ಗುದ್ದಲಿ, ಮತ, ಸೆರೆಮನೆ ಈ ಮೂರೂ ಒಟ್ಟಿಗೆ ಇರಬೇಕೆಂಬುದು ಲೋಹಿಯಾ ಅವರ ಉಪದೇಶ. ಹೇಳುವುದು ಸುಲಭ, ಒಬ್ಬನ ಒಂದು ದೇಹದಲ್ಲಿ ಮೂರನ್ನೂ ನಡೆಸುವುದು ಸುಲಭವಲ್ಲ.

1952ರ ಮೊದಲ ಮಹಾಚುನಾವಣೆಯಲ್ಲಿ ಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ನಿಂತರು. ಕೈಯಲ್ಲಿ ಕಾಸಿಲ್ಲದ ಅಭ್ಯರ್ಥಿ. ಮತ ಕೊಟ್ಟ ಜನರೇ ಖರ್ಚಿಗೆ ಹಣವನ್ನೂ ಕೂಡಿಸಿದರು. ಎದುರಾಳಿ ಕಾಂಗ್ರೆಸ್ಸಿನ ಬದರಿನಾರಾಯಣರು ಸೋತರು. ಸಭೆಯಲ್ಲಿ ಸಮಾಜವಾದಿಗಳು ಬೆರಳೆಣಿಕೆಯಷ್ಟು ಮಂದಿ. ಗೌಡರ ಮಾತಿಗೆ ಎದುರಿನ ಪಕ್ಷದವರೂ ಕಿವಿಗೊಡುತ್ತಿದ್ದರೆಂಬುದು ನಿಜ. ಆದರೆ ಕಿವಿಗೊಟ್ಟವರೆಲ್ಲ ಕೈ ಎತ್ತುವುದಿಲ್ಲ. 1957ರಲ್ಲಿ ಅವರು ಸೋತರು. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಗೆದ್ದರು. ಏಕೀಕರಣಕ್ಕಾಗಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಗಾಗಿ ವಾದಿಸಿದರು. ಅಡಿಗರ ಕಾವ್ಯವನ್ನು ಬಲ್ಲ ರಾಜಕಾರಣಿಯೆಂದು ಸಾಹಿತಿಗಳು ಅವರನ್ನು ಮೆಚ್ಚಿದರು. ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪಗೌಡನಲ್ಲಿ ಅವರ ಛಾಯೆಯಿದೆ.

ನನಗೆ ತೋರುವಂತೆ, ಗೌಡರು ಚುನಾವಣೆಯನ್ನು ಆರಿಸಿಕೊಂಡದ್ದು ತಪ್ಪಲ್ಲ. ಆದರೆ ಅವರು ಸಭೆಯಲ್ಲಿ ಕುಳಿತ ವರ್ಷಗಳಲ್ಲಿ ಕಾಗೋಡಿನಂತಹ ಇನ್ನೊಂದು ಹೋರಾಟ ಮೇಲೇಳಲಿಲ್ಲ. ಗದ್ದೆಯಲ್ಲಿ ಜನರಿಲ್ಲದಿದ್ದರೆ ಸಭೆಯ ಮಾತಿಗೆ ಬೆನ್ನೆಲುಬು ಎಲ್ಲಿಯದು? 1980ರಲ್ಲಿ ಹುಟ್ಟಿದ ರಾಜ್ಯ ರೈತಸಂಘವನ್ನೂ ಇದೇ ಪ್ರಶ್ನೆ ಕಾಡಿತು. ಬೀದಿಯಿಂದಲೇ ಸರಕಾರವನ್ನು ನಡುಗಿಸಿದ ನಂಜುಂಡಸ್ವಾಮಿಯವರೂ ಶಾಸಕರಾದರು.

ಮೂರು ಬಾರಿ ಶಾಸಕರಾದ ಗೌಡರು ಸ್ವಂತದ್ದೊಂದು ಮನೆಯನ್ನೂ ಕಟ್ಟಿಕೊಳ್ಳಲಿಲ್ಲ. ಕಾಯಿಲೆ ಅವರನ್ನು ಹಣ್ಣುಮಾಡಿತು. 1972ರ ಚುನಾವಣೆಯಲ್ಲಿ ಕಾಗೋಡಿನವರೇ ಆದ ತಿಮ್ಮಪ್ಪನವರು ಸಮಾಜವಾದಿ ಪಕ್ಷದಿಂದ ಗೆದ್ದು ಸಭೆಗೆ ಬಂದರು. ದೇವರಾಜ ಅರಸರು ಮುಖ್ಯಮಂತ್ರಿಯಾದರು. ಅದೇ ವರ್ಷದ ಜೂನ್ 9ರಂದು, ನಲವತ್ತೊಂಬತ್ತರ ವಯಸ್ಸಿನಲ್ಲಿ, ಗೌಡರು ತೀರಿಕೊಂಡರು.

1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಅರ್ಜಿ ಹಾಕಿ ಪಡೆಯಬೇಕು. ಕಾರ್ಕಳದಲ್ಲಿ, ಉಡುಪಿಯಲ್ಲಿ ಒಕ್ಕಲುಗಳು ಏಳನೆಯ ನಮೂನೆಯನ್ನು ಹಿಡಿದು ಸಾಲುಗಟ್ಟಿದರು. ನಮ್ಮಲ್ಲಿ ಅದಕ್ಕೆ ಡಿಕ್ಲರೇಶನ್ ಎಂದೇ ಹೆಸರು. ಅಜ್ಜನೂ ಡಿಕ್ಲರೇಶನ್ ಹಾಕಿದರು. ನ್ಯಾಯಮಂಡಳಿಯಲ್ಲಿ ಧಣಿಗಳ ಮುಖವನ್ನು ನೋಡಲಾರದೆ ನೆಲವನ್ನೇ ನೋಡುತ್ತ ನಿಂತಿದ್ದರಂತೆ. ಗದ್ದೆ ಅವರ ಹೆಸರಿಗಾಯಿತು. ಆ ಗದ್ದೆಯಲ್ಲಿ ಆಟಿಯ ಮಳೆಗೆ ಬೆನ್ನೊಡ್ಡಿ ದುಡಿಯುತ್ತಿದ್ದ, ನೇಜಿ ನೆಡುತ್ತಿದ್ದ ಆಳುಗಳಿಗೆ ಹಾಕಲು ಯಾವ ಡಿಕ್ಲರೇಶನ್ನೂ ಇರಲಿಲ್ಲ.