ರದ್ದಿಗೆ ಹೋದ ನನ್ನ ಹದ್ದಿನ ಪುಸ್ತಕ

ನಾವು ಮನೆ ಬದಲಾಯಿಸಿದ ದಿನ ಅಪ್ಪ ಹಳೇ ಪೇಪರು, ನನ್ನ ಪಿಯುಸಿ ಪುಸ್ತಕ ಎಲ್ಲವನ್ನೂ ಕಟ್ಟಿ ರದ್ದಿಯವನಿಗೆ ಕೊಟ್ಟುಬಿಟ್ಟರು. ಅವುಗಳ ಜೊತೆ ಇನ್ನೂರು ಪುಟದ ಒಂದು ನೋಟ್‌ಬುಕ್ಕೂ ಹೋಯಿತು. ದಾವಣಗೆರೆಯ ನಮ್ಮ ಹಳೇ ಮನೆಯ ಎದುರು ಬೇವಿನ ಮರವೊಂದಿತ್ತು. ಅದರ ತುದಿಯಲ್ಲಿ ಗೂಡು ಕಟ್ಟುತ್ತಿದ್ದ ಹದ್ದಿನ ಜೋಡಿಯ ಬಗ್ಗೆ ಎರಡು ವರ್ಷ ನಾನು ಬರೆದಿಟ್ಟ ಪುಸ್ತಕ ಅದು. ಯಾವ ದಿನ ಕಡ್ಡಿ ತಂದವು, ಯಾವ ದಿನ ಚಿಂದಿ ಬಟ್ಟೆ ತಂದವು, ಬಿಳಿ ಪ್ಲಾಸ್ಟಿಕ್ ಚೂರನ್ನು ಎಲ್ಲಿ ಸಿಕ್ಕಿಸಿದವು, ಇನ್ನೊಂದು ಹದ್ದು ಹತ್ತಿರ ಬಂದಾಗ ಹೇಗೆ ಸಿಳ್ಳೆ ಹಾಕಿದವು ಎಲ್ಲವೂ ತಾರೀಖಿನ ಸಮೇತ ಅದರಲ್ಲಿತ್ತು. ರದ್ದಿ ಅಂಗಡಿಗೆ ಓಡಿದೆ. ಲೋಡು ಆಗಲೇ ಹೊರಟುಹೋಗಿತ್ತು. ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟೆ. ಹದ್ದು ನೋಡುವುದನ್ನೂ ಬಿಟ್ಟೆ.

ಆರು ತಿಂಗಳ ನಂತರ ಕಾಲೇಜು ಲೈಬ್ರರಿಯಲ್ಲಿ ಒಬ್ಬ ಮನುಷ್ಯನ ಕತೆ ಓದಿದೆ. ಆತನ ಹೆಸರು ನನಗೂ ಗೊತ್ತಿತ್ತು, ನಿಮಗೂ ಗೊತ್ತು. ಕಾಂಗ್ರೆಸ್ ಸ್ಥಾಪಿಸಿದವರು ಯಾರು ಅನ್ನುವ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಎ.ಒ. ಹ್ಯೂಮ್ ಅಂತ ಬರೆದವರೇ. ಅದರ ಆಚೆಗೆ ಆ ಹೆಸರಿನ ಬಗ್ಗೆ ನನಗೇನೂ ತಿಳಿದಿರಲಿಲ್ಲ.

ಆಲನ್ ಆಕ್ಟೇವಿಯನ್ ಹ್ಯೂಮ್ ಹುಟ್ಟಿದ್ದು 1829ರಲ್ಲಿ. ತಂದೆ ಜೋಸೆಫ್ ಹ್ಯೂಮ್ ಬ್ರಿಟಿಷ್ ಸಂಸತ್ತಿನಲ್ಲಿ ಸುಧಾರಣೆಗಳಿಗಾಗಿ ಜಗಳವಾಡುತ್ತಿದ್ದ ಸ್ಕಾಟ್ಲೆಂಡಿನ ಮನುಷ್ಯ. ಮಗ 1849ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ನೌಕರಿಗಾಗಿ ಭಾರತಕ್ಕೆ ಬಂದ. ಇಟಾವಾ ಜಿಲ್ಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹಳ್ಳಿ ಮಕ್ಕಳಿಗೆ ಉಚಿತ ಶಾಲೆಗಳನ್ನು ತೆರೆದ. 1857ರ ದಂಗೆಯ ವೇಳೆ ಕೆಲವು ತಿಂಗಳು ಆಗ್ರಾ ಕೋಟೆಯಲ್ಲಿ ಆಶ್ರಯ ಪಡೆಯಬೇಕಾಯಿತು.

ಇಟಾವಾ ಇರುವುದು ಯಮುನಾ ಮತ್ತು ಚಂಬಲ್ ನದಿಗಳ ಸೀಮೆಯಲ್ಲಿ. ಮಳೆ ನೀರು ಕೊರೆದ ಕೊರಕಲುಗಳು, ನದಿಯ ಮೇಲೆ ಗೋಡೆಯ ಹಾಗೆ ನಿಂತ ಮಣ್ಣಿನ ದಿಬ್ಬಗಳು. ಬೇಟೆ ಹಕ್ಕಿಗಳಿಗೆ ಹೇಳಿ ಮಾಡಿಸಿದ ಜಾಗ. ನಮ್ಮಲ್ಲಿ ರಣಹದ್ದು, ದೊಡ್ಡ ಗಿಡುಗಗಳು ಚಳಿಗಾಲದ ಸುಮಾರಿಗೆ ಗೂಡು ಕಟ್ಟುತ್ತವೆ. ಹ್ಯೂಮ್ ಆ ಗೂಡುಗಳನ್ನು ಹುಡುಕಿಕೊಂಡು ಹೋಗುತ್ತಿದ್ದ. ಯಾವ ಮರ, ಎಷ್ಟು ಎತ್ತರ, ಎಂಥ ಕಡ್ಡಿ, ಒಳಗೆ ಹಸಿರೆಲೆ ಹಾಸಿದೆಯೋ ಇಲ್ಲವೋ, ಮೊಟ್ಟೆ ಎಷ್ಟು, ಅದರ ಅಳತೆ ಎಷ್ಟು ಎಂದೆಲ್ಲ ಬರೆದಿಡುತ್ತಿದ್ದ. ನಮ್ಮೂರಿನ ಸಾಮಾನ್ಯ ಹದ್ದಿನ ಗೂಡಿನಲ್ಲಿ ಚಿಂದಿ ಬಟ್ಟೆ ಇರುತ್ತದೆ ಎಂಬುದೂ ಆ ಕಾಲದ ಟಿಪ್ಪಣಿಗಳಲ್ಲಿದೆ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನನ್ನ ನೋಟ್‌ಬುಕ್ಕಿನಲ್ಲೂ ಅದೇ ಸಾಲು ಇತ್ತಲ್ಲ!

ಈ ಚಿಂದಿ, ಪ್ಲಾಸ್ಟಿಕ್ಕಿಗೆ ಒಂದು ಅರ್ಥ ಇದೆ ಅಂತ ಗೊತ್ತಾಗಿದ್ದು ತೀರಾ ಈಚೆಗೆ. ಸ್ಪೇನ್‌ನ ಡೊನ್ಯಾನಾದಲ್ಲಿ ಇದೇ ಜಾತಿಯ ಹದ್ದುಗಳನ್ನು ಗಮನಿಸಿದ ವಿಜ್ಞಾನಿಗಳು 2011ರಲ್ಲಿ ಅದನ್ನು ಪ್ರಕಟಿಸಿದರು. ಮೊಟ್ಟೆ ಇಡುವುದಕ್ಕೆ ಮೊದಲು ಹದ್ದುಗಳು ಗೂಡಿಗೆ ಬಿಳಿ ಪ್ಲಾಸ್ಟಿಕ್ ಸಿಕ್ಕಿಸುತ್ತವೆ. ಅದು ಉಳಿದ ಹದ್ದುಗಳಿಗೆ ಕೊಡುವ ಎಚ್ಚರಿಕೆ. ಏಳರಿಂದ ಹನ್ನೆರಡು ವರ್ಷದ, ಮೈಯಲ್ಲಿ ಕಸುವಿರುವ ಹದ್ದುಗಳ ಗೂಡಲ್ಲಿ ಇದು ಜಾಸ್ತಿ. ತೀರಾ ಎಳೆಯ ಮತ್ತು ಮುದಿ ಹದ್ದುಗಳ ಗೂಡಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ವಿಜ್ಞಾನಿಗಳೇ ಹೆಚ್ಚುವರಿ ಪ್ಲಾಸ್ಟಿಕ್ ಇಟ್ಟರೆ ದುರ್ಬಲ ಹದ್ದುಗಳು ಅದನ್ನು ಕಿತ್ತೆಸೆದವು. ಇಲ್ಲದ ಶಕ್ತಿ ತೋರಿಸಿಕೊಂಡರೆ ಬೇರೆ ಹದ್ದುಗಳು ಪರೀಕ್ಷೆ ಮಾಡಲು ಬರುತ್ತವಲ್ಲ, ಅದಕ್ಕೆ. ಹ್ಯೂಮ್ ಕಾಲದಲ್ಲಿ ಪ್ಲಾಸ್ಟಿಕ್ ಇರಲಿಲ್ಲ. ಆದರೆ ಕಾರಣ ಗೊತ್ತಿಲ್ಲದಿದ್ದರೂ ಕಂಡದ್ದನ್ನು ಕಂಡ ಹಾಗೆ ಬರೆದಿಡುವ ಅಭ್ಯಾಸ ಇತ್ತು. ಅದು ಎಷ್ಟು ದೊಡ್ಡ ಕೆಲಸ ಅಂತ ಆಗ ನನಗೆ ಅರ್ಥವಾಯಿತು.

1867ರಲ್ಲಿ ಹ್ಯೂಮ್‌ಗೆ ಸುಂಕದ ಕಮಿಷನರ್ ಹುದ್ದೆ ಬಂತು. ಉಪ್ಪಿನ ಕಳ್ಳಸಾಗಣೆ ತಡೆಯಲು ಬ್ರಿಟಿಷರು ಮುಳ್ಳುಗಿಡಗಳ ಬೇಲಿಯೊಂದನ್ನು ಬೆಳೆಸಿದ್ದರು. ಆ ಸುಂಕದ ಗಡಿ ಸುಮಾರು 4,000 ಕಿಲೋಮೀಟರ್ ಉದ್ದ. ಅದರ ಉಸ್ತುವಾರಿ ಈತನದೇ. ಬಡವರ ಉಪ್ಪಿಗೆ ತೆರಿಗೆ ಹಾಕಲು ಕಾವಲು ಕಾದವನೇ ಮುಂದೆ ಕಾಂಗ್ರೆಸ್ ಕಟ್ಟಿದ ಅನ್ನುವುದು ನನಗೆ ಜೀರ್ಣವಾಗಲು ಸ್ವಲ್ಪ ಸಮಯ ಬೇಕಾಯಿತು. ಆದರೆ ಆ ಓಡಾಟದಲ್ಲಿ ಹಕ್ಕಿಗಳ ಮಾಹಿತಿ ಬೆಳೆಯುತ್ತಲೇ ಹೋಯಿತು. 1869ರ ಹೊತ್ತಿಗೆ ಬೇಟೆ ಹಕ್ಕಿಗಳ ಬಗ್ಗೆ ಮೊದಲ ಪುಸ್ತಕ ಹೊರಬಂತು. 1873ರಿಂದ ಭಾರತದ ಹಕ್ಕಿಗಳ ಗೂಡು ಮತ್ತು ಮೊಟ್ಟೆಗಳ ಕುರಿತ ಇನ್ನೊಂದು ಪುಸ್ತಕ ಭಾಗ ಭಾಗವಾಗಿ ಬಂತು. ಸ್ಟ್ರೇ ಫೆದರ್ಸ್ ಅನ್ನುವ ಪತ್ರಿಕೆಯನ್ನೂ ಶುರು ಮಾಡಿದ. ದೇಶದ ಮೂಲೆ ಮೂಲೆಯಲ್ಲಿ ಹಕ್ಕಿ ನೋಡುತ್ತಿದ್ದ ಅಧಿಕಾರಿಗಳು ಅದಕ್ಕೆ ಬರೆದು ಕಳಿಸುತ್ತಿದ್ದರು. ಭಾರತೀಯ ಪಕ್ಷಿಶಾಸ್ತ್ರದ ಪಿತಾಮಹ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ.

ಒಂದು ಮಾತು ಮುಚ್ಚಿಡಬಾರದು. ಆ ಕಾಲದ ಹಕ್ಕಿ ಅಧ್ಯಯನ ಅಂದರೆ ಬಂದೂಕು. ಶಿಮ್ಲಾದ ರಾತ್ನಿ ಕ್ಯಾಸಲ್ ಎಂಬ ಮನೆಯಲ್ಲಿ ಹ್ಯೂಮ್ ಸೇರಿಸಿಟ್ಟ ಹಕ್ಕಿ ಚರ್ಮ ಮತ್ತು ಮೊಟ್ಟೆಗಳ ಸಂಖ್ಯೆ 80 ಸಾವಿರಕ್ಕೂ ಹೆಚ್ಚು. ಅದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ನನ್ನ ಹದ್ದಿನ ಜೋಡಿಯ ಮೊಟ್ಟೆಯನ್ನು ಯಾರಾದರೂ ಎತ್ತಿಕೊಂಡು ಹೋಗಿದ್ದರೆ? ಮರುದಿನ ಮತ್ತೆ ತೆಗೆದೆ, ಮುಂದೇನಾಯಿತು ಅನ್ನುವ ಕುತೂಹಲ ಬಿಡಲಿಲ್ಲ.

1879ರಲ್ಲಿ ಸರ್ಕಾರ ಹ್ಯೂಮ್‌ನನ್ನು ಕಾರ್ಯದರ್ಶಿ ಹುದ್ದೆಯಿಂದ ಇಳಿಸಿತು. ಮೇಲಿನವರಿಗೆ ಹಿಡಿಸದ್ದನ್ನು ನೇರವಾಗಿ ಹೇಳಿದ್ದೇ ತಪ್ಪಾಗಿತ್ತು. 1882ರಲ್ಲಿ ನಿವೃತ್ತಿ. ಇನ್ನು ಭಾರತದ ಹಕ್ಕಿಗಳ ಬಗ್ಗೆ ಒಂದು ಮಹಾಗ್ರಂಥ ಬರೆಯುವುದು ಬಾಕಿ. ಇಪ್ಪತ್ತೈದು ವರ್ಷದ ಟಿಪ್ಪಣಿಗಳು ಮನೆಯಲ್ಲಿದ್ದವು. ಒಮ್ಮೆ ಪ್ರವಾಸ ಮುಗಿಸಿ ಬಂದು ನೋಡಿದರೆ ಕಾಗದಗಳೇ ಇಲ್ಲ. ಮನೆಯ ಆಳೊಬ್ಬ ಅವನ್ನು ಕದ್ದು ಬಜಾರಿನಲ್ಲಿ ರದ್ದಿಗೆ ಮಾರಿದ್ದ.

ಹೌದು, ರದ್ದಿಗೆ! ಲೈಬ್ರರಿಯಲ್ಲಿ ಕೂತಿದ್ದ ನಾನು ಆ ಸಾಲನ್ನು ಮೂರು ಸಲ ಓದಿದೆ. ನನ್ನದು ಎರಡು ವರ್ಷದ ಒಂದು ನೋಟ್‌ಬುಕ್. ಆತನದು ಕಾಲು ಶತಮಾನ.

ಆ ಪೆಟ್ಟಿನಿಂದ ಹ್ಯೂಮ್ ಮಹಾಗ್ರಂಥದ ಆಸೆ ಕೈಬಿಟ್ಟ. ಆದರೆ ಕೈಕಟ್ಟಿ ಕೂರಲಿಲ್ಲ. ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟ. 1885ರಲ್ಲಿ ಅಲ್ಲಿಂದ ಬಂದ ರಿಚರ್ಡ್ ಬೌಡ್ಲರ್ ಶಾರ್ಪ್ ಅದನ್ನು ದೇವದಾರು ಪೆಟ್ಟಿಗೆಗಳಲ್ಲಿ ತುಂಬಿಸಿ ಬೆಟ್ಟ ಇಳಿಸಿದ. ಗೂಡು ಮತ್ತು ಮೊಟ್ಟೆಗಳ ಬಗ್ಗೆ ಉಳಿದಿದ್ದ ಟಿಪ್ಪಣಿಗಳನ್ನು ಯೂಜೀನ್ ಓಟ್ಸ್ ಸರಿಪಡಿಸಿ 1889-90ರಲ್ಲಿ ಮೂರು ಸಂಪುಟಗಳಾಗಿ ತಂದ. ಅದೇ 1885ರ ಡಿಸೆಂಬರ್‌ನಲ್ಲಿ ಬೊಂಬಾಯಿಯಲ್ಲಿ 72 ಪ್ರತಿನಿಧಿಗಳ ಮೊದಲ ಕಾಂಗ್ರೆಸ್ ಅಧಿವೇಶನ ನಡೆಯಿತು. ನಾವು ಒಂದು ಅಂಕಕ್ಕೆ ಬರೆಯುವ ಉತ್ತರ ಹುಟ್ಟಿದ್ದು ಆಗ. ಅಷ್ಟರಲ್ಲಿ ಹ್ಯೂಮ್ ಥಿಯಾಸಫಿಯ ಪ್ರಭಾವದಿಂದ ಸಸ್ಯಾಹಾರಿಯಾಗಿದ್ದ, ಹಕ್ಕಿಗಳನ್ನು ಕೊಲ್ಲುವುದನ್ನು ನಿಲ್ಲಿಸಿದ್ದ. 1894ರಲ್ಲಿ ಇಂಗ್ಲೆಂಡಿಗೆ ಮರಳಿ ಗಿಡಗಳ ಹಿಂದೆ ಬಿದ್ದ. ಎಂಬತ್ತರ ವಯಸ್ಸಿನಲ್ಲಿ, 1910ರಲ್ಲಿ, ಲಂಡನ್ನಿನಲ್ಲಿ ಒಂದು ಸಸ್ಯಶಾಸ್ತ್ರ ಸಂಸ್ಥೆಯನ್ನೇ ಕಟ್ಟಿದ. 1912ರ ಜುಲೈ 31ರಂದು ತೀರಿಕೊಂಡ.

ಸರಿಯಾಗಿ ನೂರು ವರ್ಷದ ನಂತರ, 2012ರಲ್ಲಿ, ನಮ್ಮ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಒಂದು ಕಾಲದಲ್ಲಿ ದೇಶದ ತುಂಬ ಇದ್ದ ರಣಹದ್ದುಗಳು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಔಷಧದಿಂದ ಬಹುತೇಕ ನಾಶವಾದವು. ಎಷ್ಟು ಕಳೆದುಕೊಂಡಿದ್ದೇವೆ ಅನ್ನುವುದು ತಿಳಿಯಬೇಕಾದರೆ ಮೊದಲು ಏನಿತ್ತು ಅಂತ ಯಾರಾದರೂ ಬರೆದಿಟ್ಟಿರಬೇಕು. ಹ್ಯೂಮ್ ಕಾಲದ ಟಿಪ್ಪಣಿಗಳ ಬೆಲೆ ಇರುವುದು ಅಲ್ಲೇ.

ಅವತ್ತು ಸಂಜೆ ಮನೆಗೆ ಬಂದು ಅಪ್ಪನಿಗೆ ಈ ಕತೆ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ. ಮರುದಿನ ಅಂಗಡಿಯಿಂದ ಬರುವಾಗ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ತಂದು ನನ್ನ ಟೇಬಲ್ ಮೇಲೆ ಇಟ್ಟಿದ್ದರು. ಹೊಸ ಮನೆಯ ಟೆರೇಸಿನಿಂದ ಒಂದು ತೆಂಗಿನಮರ ಕಾಣುತ್ತದೆ. ಅಲ್ಲೊಂದು ಹದ್ದು ಕಡ್ಡಿ ಹೊತ್ತು ತರುವುದನ್ನು ಮೊನ್ನೆ ನೋಡಿದೆ. ತಾರೀಖು ಹಾಕಿ ಬರೆದಿದ್ದೇನೆ. ಪುಸ್ತಕದ ಮೊದಲ ಪುಟದಲ್ಲಿ ಇದನ್ನು ಯಾರೂ ರದ್ದಿಗೆ ಹಾಕಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆದವರು ಮಾತ್ರ ನಾನಲ್ಲ, ಅಪ್ಪ.